ಎರಡು ಬೀಗದ ಗೇಟು

ನಮ್ಮಕ್ಕನಿಗೆ ಕೋಪ ಬಂದದ್ದನ್ನು ನಾನು ನೋಡಿಲ್ಲ. ಅವಳ ಪಾಲಿನದನ್ನೂ ಸೇರಿಸಿ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ. ಅದಕ್ಕೇ ಅವಳ ಕಥೆಯನ್ನು ನಾನು ಹೇಳುತ್ತಿದ್ದೇನೆ. ಅವಳಿಗೆ ಬಿಟ್ಟರೆ "ಆಗಿದ್ದು ಆಯ್ತು, ಬಿಡು" ಎಂದು ಒಂದೇ ಮಾತಿನಲ್ಲಿ ಮುಗಿಸಿ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಳ್ಳುತ್ತಾಳೆ. ಆಗಿದ್ದು ಎಲ್ಲಿ ಆಯ್ತು? ಇನ್ನೂ ಆಗುತ್ತಲೇ ಇದೆ.

ನಮ್ಮದು ಒಂದೇ ಬಾಗಿಲಿನ ಅಂಗಡಿ. ಎಡಕ್ಕೆ ನನ್ನ ಹೊಲಿಗೆ ಯಂತ್ರ, ಬಲಕ್ಕೆ ಅಕ್ಕನ ಇಸ್ತ್ರಿ ಮೇಜು, ನಡುವೆ ಗಿರಾಕಿ ನಿಲ್ಲುವಷ್ಟು ಜಾಗ, ಅದೂ ತೆಳ್ಳಗಿನ ಗಿರಾಕಿ. ಹಿಂದೆ ಒಂದು ಕೋಣೆ. ನಾನು ಬೇಯಿಸಿಕೊಳ್ಳುವುದು, ಮಲಗುವುದು, ಯಾರಿಗೂ ಕೇಳದಂತೆ ಊರನ್ನು ಬೈಯುವುದು ಎಲ್ಲ ಅಲ್ಲೇ. ನಾನು ಹೊಲಿದ ಅಂಗಿ ಅಕ್ಕನ ಕೈ ದಾಟಿಯೇ ಗಿರಾಕಿಗೆ ಹೋಗಬೇಕು. ಮೊದಲು ಕಾಲರಿನ ಒಳಮಗ್ಗುಲು, ಆಮೇಲೆ ಹೊರಮಗ್ಗುಲು, ಆಮೇಲೆ ತೋಳು, ಕಡೆಗೆ ಬೆನ್ನು. ಹೊಲಿಗೆ ಸೊಟ್ಟಗಿದ್ದರೂ ಅಕ್ಕನ ಇಸ್ತ್ರಿಯಲ್ಲಿ ನೆಟ್ಟಗಾಗುತ್ತದೆ ಎಂದು ಜನ ನನ್ನ ಮುಖಕ್ಕೇ ಹೇಳುತ್ತಿದ್ದರು. ನಾನು ಧುಮುಗುಡುತ್ತಿದ್ದೆ. ಅವಳು ಬಟ್ಟೆಗೆ ನೀರು ಚಿಮುಕಿಸುತ್ತ ನಗುತ್ತಿದ್ದಳು.

ಅಂಗಡಿಯೆದುರು ರಸ್ತೆ ದಾಟಿದರೆ ಗುಡ್ಡದ ಗೇಟು. ಗುಡ್ಡ ಯಾರಪ್ಪನದೂ ಅಲ್ಲ, ಹಾಗಾಗಿ ಎಲ್ಲರದು. ನಮ್ಮ ನಲ್ಲಿಗಳಿಗೆ ಬರುವ ನೀರು ಅದರ ಮೇಲಿನ ಕೆರೆಯದು. ಅಲ್ಲಿ ಸೈಕಲ್ ಕಲಿಯಲು ಹೋಗಿ ಮೊಣಕಾಲು ತರಚಿಕೊಳ್ಳದವರು ಊರಿನಲ್ಲಿಲ್ಲ. ಪರೀಕ್ಷೆಗೆ ಓದುತ್ತೇವೆಂದು ಹೋಗಿ ಕೈ ಕೈ ಹಿಡಿದು ಕೂತವರು, ಡಾಕ್ಟರು ಹೇಳಿದರೆಂದು ಏದುಸಿರು ಬಿಡುತ್ತ ಹತ್ತುವವರು, ಹೆಂಡತಿಯ ಬಾಯಿಂದ ತಪ್ಪಿಸಿಕೊಂಡು ಸಂಜೆ ಸುಮ್ಮನೆ ಕೂರುವವರು, ಎಲ್ಲರಿಗೂ ಅಲ್ಲಿ ಒಂದೊಂದು ಮರದ ನೆರಳು ಗೊತ್ತಾಗಿತ್ತು. ಮರಗಳ್ಳರ ಲಾರಿ ನುಗ್ಗಬಾರದೆಂದು ಮುನಿಸಿಪಾಲಿಟಿಯವರು ಸುತ್ತ ಎತ್ತರದ ಗೋಡೆ ಕಟ್ಟಿಸಿ, ಗೋಡೆಯ ನೆತ್ತಿಗೆ ಗಾಜಿನ ಚೂರು ನೆಡಿಸಿ, ಒಂದೇ ಒಂದು ಗೇಟು ಇಟ್ಟರು. ಆ ಗೇಟಿನ ಕಾವಲುಗಾರರೇ ನಮ್ಮ ಭಾವ.

ಊರಿನವರ ಬಾಯಲ್ಲಿ ಅವರು ಬೀಗದಣ್ಣ. ಸಂಜೆ ಗೇಟು ಹಾಕುವ ಮೊದಲು ಗುಡ್ಡದ ಕಡೆ ಮುಖ ಮಾಡಿ, "ಯಾರಿದೀರಪ್ಪಾ ಒಳಗೆ? ಬೀಗ ಹಾಕ್ತೀನಿ!" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿಯೇ ನಮ್ಮ ಬೀದಿಯವರು ಒಲೆ ಹೊತ್ತಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು, "ಭಾವ, ನಿಮಗೆ ಬೀಗರಿಗಿಂತ ಬೀಗವೇ ಹೆಚ್ಚಾಯ್ತಲ್ಲ" ಎಂದು ಛೇಡಿಸಿದರೆ, "ಹೂಂ, ಅದು ನಿನ್ನ ಹಾಗೆ ಮಾತಾಡಲ್ಲ ನೋಡು" ಎನ್ನುತ್ತಿದ್ದರು. ಬಡಪಾಯಿ ಮನುಷ್ಯ. ಜಗಳ ಬಂದರೆ ಎದ್ದು ಹೋಗಲು ಚಪ್ಪಲಿ ಹುಡುಕುವ ಜಾತಿ.

ಗೇಟಿನ ಒಳಮಗ್ಗುಲಿಗೆ ಅವರಿಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಕೆಲಸ ಇರುವವರೆಗೆ ಮನೆ. ಕೆಲಸ ಹೋದ ದಿನ ಪಾತ್ರೆಪರಟಿ ರಸ್ತೆಗೆ. ಅಲ್ಲಿ ಭಾವ, ಅಕ್ಕ ಮತ್ತು ಭಾವನ ತಾಯಿ. ಮಕ್ಕಳಾಗಲಿಲ್ಲ. ಆ ತಾಯಿಯನ್ನು ಬೀದಿಯವರೆಲ್ಲ ಅಜ್ಜಿ ಎನ್ನುತ್ತಾರೆ, ನಾನೂ ಅಷ್ಟೇ. ಅಜ್ಜಿಗೆ ಉಬ್ಬಸ. ನಾಲಿಗೆಗೆ ಮಾತ್ರ ಯಾವ ರೋಗವೂ ಇಲ್ಲ. ಸೊಸೆ ಟೀ ತಂದರೆ ಸಕ್ಕರೆ ಕಮ್ಮಿ, ಸಕ್ಕರೆ ಹಾಕಿದರೆ ಟೀ ತಣ್ಣಗೆ. ಮದುವೆಯಾದಾಗಿನಿಂದ ಅಕ್ಕನನ್ನು ಹೆಸರು ಹಿಡಿದು ಕರೆದದ್ದಿಲ್ಲ, "ಇವಳೇ" ಅಂತಲೇ. "ನೀನೊಂದು ಸಲ ತಿರುಗಿ ಅನ್ನೇ ಅಕ್ಕ" ಎಂದು ನಾನು ಎಷ್ಟು ಹೇಳಿದರೂ ಅವಳದು ಒಂದೇ ಉತ್ತರ: "ಉಸಿರಿಗೆ ಕಷ್ಟಪಡೋರ ಹತ್ರ ಏನು ಜಗಳ ಆಡೋದು, ಬಿಡು."

ಹೀಗಿದ್ದಾಗ ಗುಡ್ಡದ ಹೊಟ್ಟೆಯಲ್ಲಿ ಚಿನ್ನವಿದೆ ಎಂದು ಒಂದು ಕಂಪನಿ ಬಂತು.

ಮೊದಲು ಬಂದವರು ಕಲ್ಲು ಕುಟ್ಟಿ ಚೀಲದಲ್ಲಿ ತುಂಬಿಕೊಂಡು ಹೋದರು. ಆಮೇಲೆ ಗುಡ್ಡವನ್ನು ಮೇಲಿನವರು ಕಂಪನಿಗೆ ಗುತ್ತಿಗೆಗೆ ಕೊಟ್ಟಾಯಿತು ಎಂಬ ಸುದ್ದಿ ಬಂತು. ಬಣ್ಣಬಣ್ಣದ ಕಾಗದ ಹಂಚಿದರು: ಸಣ್ಣ ಸಣ್ಣ ತೂತು ಕೊರೆದು ನೋಡುತ್ತೇವೆ ಅಷ್ಟೇ, ಮರಕ್ಕೆ ಏನೂ ಆಗದು, ಊರಿಗೆ ಕೆಲಸ ಬರುತ್ತದೆ. ಭಾವನನ್ನು ಕರೆದು, ಇನ್ನು ಮುಂದೆ ನೀನು ಕಂಪನಿಯ ಸೂಪರ್‌ವೈಸರ್ ಹೇಳಿದ ಹಾಗೆ ಕೇಳಬೇಕು, ಕೆಲಸವೂ ಮನೆಯೂ ಮೊದಲಿನ ಹಾಗೇ ಇರುತ್ತದೆ ಎಂದರು. ಭಾವ ತಲೆಯಾಡಿಸಿ ಬಂದರು. ಆಡಿಸದೆ ಏನು ಮಾಡುತ್ತಾರೆ? ಮನೆಯೊಳಗೆ ಅಜ್ಜಿ ಮಂಚದ ಮೇಲೆ ಕೂತು ಉಸಿರು ಎಳೆಯುತ್ತಿದ್ದಳು.

ಊರು ಸುಮ್ಮನಿರಲಿಲ್ಲ. ಗೇಟಿನ ಹೊರಗೆ ಟಾರ್ಪಾಲು ಕಟ್ಟಿ ಧರಣಿ ಕೂತಿತು. ಮುಂದಾಳು ನಮ್ಮ ಹೆಡ್ ಮಿಸ್. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಅರ್ಧ ಊರು ಇವತ್ತಿಗೂ ಅವರೆದುರು ಬೀಡಿ ಅಡಗಿಸುತ್ತದೆ. "ಒಂದು ಲಾರಿ ಕಲ್ಲು ಪುಡಿ ಮಾಡಿದ್ರೆ ಒಂದು ಉಂಗುರಕ್ಕೂ ಸಾಲದಷ್ಟು ಚಿನ್ನ ಸಿಗುತ್ತೆ. ಉಳಿದ ಪುಡಿ ವಿಷದ ನೀರಲ್ಲಿ ನೆಂದು ನಮ್ಮ ಕೆರೆ ಪಕ್ಕ ಬೀಳುತ್ತೆ. ಚಿನ್ನದ ಕತ್ತಿ ಅಂತ ಯಾರಾದ್ರೂ ಕತ್ತು ಕುಯ್ಕೊಳ್ತಾರಾ?" ಎಂದು ಅವರು ಕೇಳಿದರೆ, ನಡುವಯಸ್ಸಿನ ಗಂಡಸರು ಒಟ್ಟಾಗಿ "ಇಲ್ಲಾ ಮಿಸ್" ಎನ್ನುತ್ತಿದ್ದರು. ಧರಣಿಯೂ ಶಾಲೆಯ ಹಾಗೇ ನಡೆಯಿತು. ಬೆಳಿಗ್ಗೆ ಹಾಜರಿ. ಮಾತಾಡಬೇಕಾದರೆ ಎದ್ದು ನಿಲ್ಲಬೇಕು. ಏನೇ ತೀರ್ಮಾನವಾದರೂ ಕೈ ಎತ್ತಿಸಿಯೇ ಆಗಬೇಕು. ಟೀಗೆ ಹಾಲು ಬೇಕೋ ಬೇಡವೋ ಎಂಬುದಕ್ಕೂ ಕೈ ಎತ್ತಿದ್ದೇವೆ, ಸುಳ್ಳಲ್ಲ.

ಒಂದು ದಿನ ಅಕ್ಕ ಅರ್ಧ ಇಸ್ತ್ರಿಯಾದ ಅಂಗಿಯನ್ನು ಮಡಿಸಿಟ್ಟು, ಸ್ವಿಚ್ಚು ಆರಿಸಿ, ರಸ್ತೆ ದಾಟಿ ಹೋಗಿ ಚಾಪೆಯ ಮೇಲೆ ಕೂತಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಗೇಟಿನೊಳಗೆ ಭಾವನೂ ನೋಡಿದರು. ಗಂಡ ಒಳಗೆ ಕಾವಲು, ಹೆಂಡತಿ ಹೊರಗೆ ಧಿಕ್ಕಾರ. ಸಂಜೆಯಾದರೆ ಅವಳು ಎದ್ದು ಗೇಟಿನ ಹತ್ತಿರ ಹೋಗುತ್ತಿದ್ದಳು, ಅವರು ತೆರೆಯುತ್ತಿದ್ದರು, ಇಬ್ಬರೂ ಮನೆಗೆ ಹೋಗಿ ಉಣ್ಣುತ್ತಿದ್ದರು.

"ನಿಂಗೇನು ಬಂತೇ?" ಎಂದು ನಾನು ಕೇಳಿದೆ.

"ಆ ಗುಡ್ಡದ ಗಾಳಿ ಇರೋದ್ರಿಂದ ಅತ್ತೆ ಇಷ್ಟು ದಿನ ಬದುಕಿದಾರೆ. ಅಗೆದು ಧೂಳೆಬ್ಬಿಸಿದ್ರೆ ಎಷ್ಟು ದಿನ ಅಂತ ಹೇಳು" ಎಂದಳು. ಅವಳಿಗೆ ಗುಡ್ಡ ಬೇಕಾಗಿದ್ದದ್ದು ಅಜ್ಜಿಯ ಉಸಿರಿಗೆ. ಇದನ್ನು ನೆನಪಿಡಿ, ಊರಂತೂ ಮರೆತಿದೆ.

ಗುತ್ತಿಗೆ ರದ್ದಾಗಲಿ ಎಂದು ನಾವು ಹಾಕಿದ್ದ ಕೇಸು ಕೋರ್ಟಿನಲ್ಲಿತ್ತು. ವಕೀಲರು ಒಂದೇ ಮಾತು ಹೇಳಿದ್ದರು: ಕೇಸು ಕೂಗುವವರೆಗೆ ಕೊರೆಯುವ ಯಂತ್ರ ಗುಡ್ಡದೊಳಗೆ ಕಾಲಿಡಬಾರದು. ಕೆಲಸ ಶುರುವಾಗಿಬಿಟ್ಟರೆ ನಿಲ್ಲಿಸುವುದು ಕಷ್ಟ. ಹೀಗಿರುವಾಗ ಒಂದು ಬೆಳಿಗ್ಗೆ, ಯಂತ್ರದ ಲಾರಿಗಳು ಹೆದ್ದಾರಿ ಬಿಟ್ಟು ಊರಿನ ಕಡೆ ತಿರುಗಿವೆ ಎಂಬ ಸುದ್ದಿ ಬಂತು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿ ಬಂದು, ಗೇಟಿನ ಎರಡೂ ರೆಕ್ಕೆಗಳಿಗೆ ಹೊರಗಿನಿಂದ ಸರಪಳಿ ಸುತ್ತಿ, ನಮ್ಮದೊಂದು ದೊಡ್ಡ ಬೀಗ ಜಡಿದೆವು. ಧರಣಿಯವರು ಒಳಗೆ ನುಗ್ಗಬಾರದೆಂದು ಸೂಪರ್‌ವೈಸರ್ ಒಳಗಿನಿಂದ ಆಗಲೇ ಒಂದು ಬೀಗ ಹಾಕಿಸಿದ್ದ. ಹೀಗೆ ಒಂದೇ ಗೇಟಿಗೆ ಎರಡು ಬೀಗವಾಯಿತು. ಒಳಗಿನ ಕೀಲಿ ಭಾವನ ಸೊಂಟದಲ್ಲಿ. ಹೊರಗಿನದು ಯಾರ ಹತ್ತಿರ?

ಬೇಕರಿಯವನು ಎದ್ದು ನಿಂತ. ಅವನದು ಯಾವಾಗಲೂ ಹಿಟ್ಟು ಜರಡಿ ಹಿಡಿದ ಹಾಗೆ ಮಾತು, ಸಣ್ಣಗೆ ಉದುರುತ್ತದೆ. "ತಪ್ಪು ತಿಳೀಬೇಡಿ. ನಮ್ಮ ಜೊತೆ ಕೂತವರಲ್ಲೇ ಒಬ್ಬರ ಮನೆ ಒಳಗಿದೆ. ಇಲ್ಲಿ ಆಡಿದ ಮಾತು ಅಲ್ಲಿಗೆ ಹೋಗಲ್ಲ ಅಂತ ಯಾರು ಹೇಳ್ತಾರೆ?"

ನನಗೆ ಮೈಯೆಲ್ಲ ಉರಿದು ಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು, ಶಾಲೆಯ ನಿಯಮದ ಪ್ರಕಾರವೇ.

"ಕೀಲಿ ನನ್ನ ಹತ್ರ ಇರ್ಲಿ, ಮಿಸ್. ನನ್ನ ಗಂಡ, ಅತ್ತೆ ಒಳಗೇ ಇರ್ತಾರೆ. ನಾನು ಹೊರಗೇ ಇರ್ತೀನಿ. ಆಗ ಯಾರಿಗೂ ಅನುಮಾನ ಬರಲ್ಲ ಅಲ್ವಾ?"

ಜನ ಚಪ್ಪಾಳೆ ತಟ್ಟಿದರು. ಹೆಡ್ ಮಿಸ್ ಕಣ್ಣೊರೆಸಿಕೊಂಡರು. ಎಲ್ಲರೂ ಕೈ ಎತ್ತಿ ಕೀಲಿಯನ್ನು ಅವಳಿಗೆ ಕೊಟ್ಟರು, ಅದರ ಜೊತೆಗೆ ಇನ್ನೊಂದು ನಿಯಮವನ್ನೂ: ಕೈ ಎತ್ತಿಸದೆ ಬೀಗ ತೆಗೆಯಬಾರದು. ಅವಳು ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಆ ಹೊತ್ತಿನಲ್ಲಿ ನನಗೂ ಹೆಮ್ಮೆಯಾಯಿತು. ಅಜ್ಜಿಯನ್ನು ಮೊದಲೇ ಹೊರಗೆ ಕರೆತರಬೇಕಿತ್ತು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎರಡು ದಿನದ ಮಾತು, ಕೋರ್ಟು ಕೂಗುತ್ತದೆ, ಎಲ್ಲ ಮುಗಿಯುತ್ತದೆ ಅಂದುಕೊಂಡಿದ್ದೆವು.

ಕೋರ್ಟಿನಲ್ಲಿ ಎರಡು ದಿನದ ಮಾತು ಯಾವಾಗ ಎರಡು ದಿನಕ್ಕೆ ಮುಗಿದಿದೆ? ದಿನಾಂಕ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಲಾರಿಗಳು ಬೀದಿಯ ತುದಿಯಲ್ಲಿ ಪೊಲೀಸರ ಜೊತೆ ಬೀಡುಬಿಟ್ಟವು. ಅಕ್ಕ ನನ್ನ ಕೋಣೆಯಲ್ಲಿ ಮಲಗತೊಡಗಿದಳು. ಬೆಳಿಗ್ಗೆ ಎದ್ದು ಗಂಜಿ ಮಾಡಿ, ಡಬ್ಬಿ ಕಂಬಿಗಳ ನಡುವೆ ತೂರದ ಕಾರಣ ಬಾಟಲಿಗೆ ತುಂಬಿ, ಗೇಟಿನ ಹತ್ತಿರ ಹೋಗುತ್ತಿದ್ದಳು. ಗಂಡ ಹೆಂಡತಿಯ ಸಂಸಾರವೆಲ್ಲ ಕಂಬಿಯ ನಡುವೆಯೇ ನಡೆಯಿತು, ಅದೂ ಚಾಪೆಯ ಮೇಲೆ ಕೂತ ಊರಿನ ಎದುರಿಗೆ.

"ಅಮ್ಮನ ಸ್ವೆಟರ್ ಎಲ್ಲಿಟ್ಟಿದೀಯೇ?"

"ಟ್ರಂಕಲ್ಲಿ, ಹಾಸಿಗೆ ಬಟ್ಟೆ ಕೆಳಗೆ. ರಾತ್ರಿ ಕಿಟಕಿ ಹಾಕಿದ್ರಾ?"

"ಹಾಕಿದೆ. ಹಾಕಿದ್ದಕ್ಕೂ ಬೈದ್ಲು."

"ಬೈದ್ರೆ ಉಸಿರು ಚೆನ್ನಾಗಿದೆ ಅಂತ."

ಚಾಪೆಯ ಮೇಲಿನವರು ನಗುತ್ತಿದ್ದರು. ಸಂಸಾರ ಅಂದರೆ ಜಾಯಿಂಟ್ ಅಕೌಂಟು, ಇಬ್ಬರೂ ಸೇರದೆ ತೆಗೆಯೋಕಾಗಲ್ಲ ಎಂದು ಯಾರೋ ಅಂದರು. ನಾನೂ ನಕ್ಕೆ. ಆದರೆ ಅಕ್ಕ ವಾಪಸು ಬಂದು ಅಂಗಿಗೆ ಇಸ್ತ್ರಿ ಹಾಕುವಾಗ ಒಂದೇ ಮಡಿಕೆಯ ಮೇಲೆ ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಗಂಡ ಸೊರಗುತ್ತಿದ್ದರು. ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅವರು ಕೀಲಿ ಬಿಸಾಡಿದರೆ ತಾಯಿಗೆ ಸೂರಿಲ್ಲ; ಅವಳು ಕೀಲಿ ತಿರುಗಿಸಿದರೆ ಗುಡ್ಡವಿಲ್ಲ, ಮಾನವೂ ಇಲ್ಲ.

ಆ ದಿನ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಊಟ ಮುಗಿಸಿದ ಜನ ಟಾರ್ಪಾಲಿನ ಕೆಳಗೆ ತೂಕಡಿಸುತ್ತಿದ್ದರು. ನಾನು ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಗೇಟಿನ ಕಡೆಯಿಂದ ಭಾವನ ಕೂಗು ಕೇಳಿತು. ಸಂಜೆಯ ಕೂಗಿನ ಹಾಗಿರಲಿಲ್ಲ ಅದು.

"ಏಯ್, ಬಾರೇ ಇಲ್ಲಿ! ಅಮ್ಮಂಗೆ ಉಸಿರು ಸಿಗ್ತಿಲ್ಲ ಕಣೇ!"

ಅಕ್ಕ ಚಪ್ಪಲಿಯಿಲ್ಲದೆ ಓಡಿದಳು. ಭಾವ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಬಂದು ಗೇಟಿನ ಒಳಗೆ ಇಟ್ಟಿದ್ದರು. ಅಜ್ಜಿಯ ತುಟಿ ನೀಲಿಯಾಗಿತ್ತು. ಎದೆ ಮೇಲೆ ಕೆಳಗೆ ಹೋಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಯಾರೋ ಫೋನ್ ಮಾಡಿದರು, ಆಂಬುಲೆನ್ಸ್ ಬಂತು. ನರ್ಸಮ್ಮ ಗೇಟನ್ನು ನೋಡಿದಳು, ಸರಪಳಿಯನ್ನು ನೋಡಿದಳು, ನಮ್ಮನ್ನು ನೋಡಿದಳು. ಆಕ್ಸಿಜನ್ ಸಿಲಿಂಡರನ್ನು ಗೇಟಿಗೆ ಒರಗಿಸಿ, ಕೊಳವೆಯನ್ನು ಕಂಬಿಯ ನಡುವೆ ತೂರಿಸಿದಳು. ಭಾವ ಮಾಸ್ಕನ್ನು ತಾಯಿಯ ಮುಖಕ್ಕೆ ಹಿಡಿದರು. ಸಿಲಿಂಡರ್ ಹೊರಗೆ, ಅಜ್ಜಿ ಒಳಗೆ. ಒಂದು ಜೀವವನ್ನು ಕಂಬಿಯ ಸಂದಿಯಲ್ಲಿ ಹಾಗೆ ಸಾಕುವುದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಬೇಡ.

"ಇದು ಸ್ವಲ್ಪ ಹೊತ್ತಿಗೆ ಅಷ್ಟೇ. ಆಸ್ಪತ್ರೆಗೆ ಹೋಗ್ಲೇಬೇಕು. ಗೇಟ್ ತೆಗೀರಿ" ಎಂದಳು ನರ್ಸಮ್ಮ.

ಬೀದಿಯ ತುದಿಯಲ್ಲಿ ಲಾರಿಗಳ ಎಂಜಿನ್ ಶುರುವಾದದ್ದು ಆಗಲೇ.

ಹೆಡ್ ಮಿಸ್ ಇನ್ಸ್‌ಪೆಕ್ಟರ ಹತ್ತಿರ ಓಡಿದರು. "ಆಂಬುಲೆನ್ಸ್‌ಗೆ ಮಾತ್ರ ತೆಗೀತೀವಿ. ಲಾರಿ ಬಿಡಲ್ಲ ಅಂತ ಮಾತು ಕೊಡಿ."

"ಗೇಟು ತೆರೆದಿದ್ರೆ ದಾರಿ ಎಲ್ರದೂ ಮೇಡಂ. ನಮಗೆ ಆರ್ಡರ್ ಇದೆ" ಎಂದ ಇನ್ಸ್‌ಪೆಕ್ಟರ್, ಅವರ ಮುಖ ನೋಡದೆ.

ಒಳಗೆ ಭಾವ ಆಗಲೇ ತಮ್ಮ ಬೀಗ ಕಿತ್ತು ನೆಲಕ್ಕೆ ಎಸೆದಿದ್ದರು. ಒಳಗೇ ಉಳಿದಿದ್ದ ಸೂಪರ್‌ವೈಸರ್ ಅವರ ಹಿಂದೆ ಬಂದು ನಿಂತ. ಒಂದು ಗದರಿಕೆ ಇಲ್ಲ, ಏನಿಲ್ಲ. ಎಲ್ಲರಿಗೂ ಕೇಳುವಂತೆ, "ನಮ್ಮ ಕಡೆ ಬೀಗ ತೆಗೆದಿದೀವಿ. ಮಾನವೀಯತೆ ಮುಖ್ಯ. ಇನ್ನು ಅವರಿಷ್ಟ" ಎಂದ. ಅವನ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಬೈದದ್ದು ಅವನಿಗೂ ಕೇಳಿಸಿತು.

ಈಗ ಎಲ್ಲರ ಕಣ್ಣೂ ಅಕ್ಕನ ಕೊರಳಿನ ಮೇಲೆ. ಅವಳು ದಾರವನ್ನು ಹಿಡಿದುಕೊಂಡು ಹೆಡ್ ಮಿಸ್ ಕಡೆ ನೋಡಿದಳು. ಗೋಡೆ ಹತ್ತಿಸೋಣ, ಏಣಿ ತನ್ನಿ ಎಂದು ಯಾರೋ ಕೂಗಿದರು. ಉಸಿರಾಡಲಾಗದ ಮುದುಕಿಯನ್ನು ಗಾಜಿನ ಚೂರಿನ ಮೇಲೆ ಹತ್ತಿಸುತ್ತಾರಂತೆ! ಹೆಡ್ ಮಿಸ್ ಜೀವಮಾನವಿಡೀ ನಿಯಮ ಹೇಳಿಕೊಟ್ಟವರು, ಆ ಗಳಿಗೆಯಲ್ಲಿ ಅವರಿಗೆ ಬೇರೇನೂ ತೋಚಲಿಲ್ಲ ಅಂತ ಕಾಣುತ್ತದೆ.

"ತೆಗೀಬೇಕು ಅನ್ನೋರು ಕೈ ಎತ್ತಿ" ಎಂದರು.

ನಾನು ಎರಡೂ ಕೈ ಎತ್ತಿದೆ. ನನ್ನ ಪಕ್ಕದಿಂದ ಬೇಕರಿಯವನು ಮೆಲ್ಲಗೆ, "ಸಂಬಂಧಿಕರದ್ದು ಲೆಕ್ಕಕ್ಕೆ ಬರುತ್ತಾ ಮಿಸ್?" ಎಂದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಟ್ಟವರಲ್ಲ ಅವರು. ಮೊದಲು ಎತ್ತುವವನ ಮೇಲೆ ನಾಳೆ ಗುಡ್ಡ ಕಳೆದ ಪಾಪ ಬರುತ್ತದೆ. ಎರಡನೆಯವನಾಗಲು ಎಲ್ಲರೂ ತಯಾರು. ಕೆಲವರ ಕೈ ಎದೆಯವರೆಗೆ ಬಂತು, ಬಂದು ಗುಂಡಿ ಸರಿಮಾಡಿಕೊಂಡಿತು. ಬ್ಯಾನರ್ ಹಿಡಿದವರು ಬ್ಯಾನರನ್ನು ಇನ್ನೂ ಗಟ್ಟಿಯಾಗಿ ಹಿಡಿದರು.

ಅಜ್ಜಿ ಮಗನ ಕೈಯಿಂದ ಮಾಸ್ಕನ್ನು ಸರಿಸಿದಳು. ಕಂಬಿಯ ನಡುವೆ ಬೆರಳು ಚಾಚಿ ಅಕ್ಕನ ಸೆರಗಿನ ಅಂಚನ್ನು ಹಿಡಿದಳು.

"ತೆಗಿಯೇ... ಗುಡ್ಡ ಹಾಳಾಗ್ಲಿ... ನಂಗೆ ಸಾಯೋಕೆ ಭಯ ಆಗ್ತಿದೆ ಕಣೇ... ತೆಗಿ ಮಗಳೇ."

ಮಗಳೇ ಎಂದಳು. ಅಕ್ಕ ಮತ್ತೆ ಯಾರ ಕಡೆಯೂ ನೋಡಲಿಲ್ಲ. ದಾರವನ್ನು ತಲೆಯಿಂದ ತೆಗೆಯಲೂ ಇಲ್ಲ. ಕೊರಳನ್ನೇ ಬೀಗದ ಹತ್ತಿರ ಬಗ್ಗಿಸಿ ಕೀಲಿ ತಿರುಗಿಸಿದಳು. ಸರಪಳಿ ಕೆಳಗೆ ಬಿತ್ತು. ಒಂದು ರೆಕ್ಕೆಯನ್ನು ಕುರ್ಚಿ ಹಿಡಿಯುವಷ್ಟು ಮಾತ್ರ ಎಳೆದು, ತಾನೇ ಅಡ್ಡ ನಿಂತು, ಅಜ್ಜಿಯನ್ನು ಹೊರಗೆ ತಂದಳು. ಅವಳ ಲೆಕ್ಕದಲ್ಲಿ ಅದನ್ನು ಮತ್ತೆ ಹಾಕಬಹುದಿತ್ತು. ಪೊಲೀಸರು ಬಿಟ್ಟರೆ ತಾನೇ? ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲೇ ಎರಡೂ ರೆಕ್ಕೆಗಳನ್ನು ಗೋಡೆಗೆ ಹೊಡೆಯುವಂತೆ ತಳ್ಳಿದರು. ನಾವು ರಸ್ತೆಯ ಮೇಲೆ ಮಲಗಿದೆವು, ನಮ್ಮನ್ನು ಎತ್ತಿ ಎತ್ತಿ ಬದಿಗಿಟ್ಟರು. ಹೆಡ್ ಮಿಸ್ ಅವರನ್ನು ಇಬ್ಬರು ಹೆಂಗಸು ಪೊಲೀಸರು ಎತ್ತಿದಾಗ ಅವರ ಕನ್ನಡಕ ಬಿತ್ತು. ಅದರ ಮೇಲೆಯೇ ಮೊದಲನೆಯ ಲಾರಿ ಹೋಯಿತು.

ಅಜ್ಜಿ ಉಳಿದಳು. ಉಳಿದದ್ದಷ್ಟೇ ಅಲ್ಲ, ಆಸ್ಪತ್ರೆಯ ಔಷಧಿ ಮೈಗೆ ಹಿಡಿದು, ಹೋದಾಗ ಇದ್ದದ್ದಕ್ಕಿಂತ ಗುಂಡಗಾಗಿ ವಾಪಸು ಬಂದಳು. ಗುಡ್ಡದ ಮನೆಗೆ ಕರೆದೊಯ್ಯುವ ಹಾಗಿರಲಿಲ್ಲ. ಅಲ್ಲಿ ಯಂತ್ರ ಕೊರೆಯುವ ಧೂಳು ಕಿಟಕಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಕೂರುತ್ತಿತ್ತು. ನನ್ನ ಹಿಂದಿನ ಕೋಣೆಗೇ ತಂದೆವು. ಉಸಿರಾಟದ ಮಷೀನು ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕಂಪನಿ ಕೊಟ್ಟಿತು. ಆಸ್ಪತ್ರೆಯ ಬಾಗಿಲಲ್ಲೇ ಸೂಪರ್‌ವೈಸರ್ ಫೋಟೋದವನನ್ನು ಕರೆದುಕೊಂಡು ಬಂದು ನಿಂತಿದ್ದ. ಭಾವನ ಕೈಗೆ ಮಷೀನು ಕೊಟ್ಟು, ಕೈ ಕುಲುಕಿದ. ಭಾವ ಬೇಡ ಎನ್ನಬಹುದಿತ್ತೇ? ಹೇಳಿ, ನೀವಾದರೆ ಅನ್ನುತ್ತಿದ್ದಿರೇ? ಮರುದಿನ ಪೇಪರಿನಲ್ಲಿ ಬಂತು. ಅದರಲ್ಲಿ ಭಾವನ ಮುಖ ಕಳ್ಳನ ಮುಖದ ಹಾಗಿತ್ತು.

"ಕೆಲಸ ಬಿಟ್ಟುಬಿಡ್ತೀನಿ ಕಣೇ" ಎಂದು ಅವರು ಅಕ್ಕನ ಮುಂದೆ ಅತ್ತರು.

"ಬಿಟ್ರೆ ಮಷೀನ್ ವಾಪಸ್ ತಗೊಂಡು ಹೋಗ್ತಾರೆ" ಎಂದಳು ಅಕ್ಕ. "ಹೋಗಿ, ಹೊತ್ತಾಯ್ತು."

ಅವರು ಹೋಗಿ ಲಾರಿಗಳಿಗೆ ಗೇಟು ತೆರೆದರು. ಈಗಲೂ ತೆರೆಯುತ್ತಾರೆ. ಸಂಜೆ ಕೂಗುವುದಿಲ್ಲ, ಒಳಗೆ ಊರಿನವರು ಯಾರೂ ಇರುವುದಿಲ್ಲವಲ್ಲ. ಕೋರ್ಟಿನಲ್ಲಿ ಕೆಲಸ ಶುರುವಾಗಿಬಿಟ್ಟಿದೆ ಎಂದು ಕಂಪನಿಯ ವಕೀಲ ಹೇಳಿದ, ಮತ್ತೊಂದು ದಿನಾಂಕ ಬಿತ್ತು.

ಧರಣಿ ಬೀದಿಯ ಕೊನೆಗೆ ಸರಿಯಿತು. ಅಕ್ಕ ಅಲ್ಲಿಗೂ ಹೋದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ. "ಬನ್ನಿ, ಕೂತ್ಕೊಳ್ಳಿ" ಎಂದು ಸರಿದು ಜಾಗ ಬಿಟ್ಟರು. ನಿನ್ನೆ ಮೊನ್ನೆಯವರೆಗೆ ಬಾರೇ ಹೋಗೇ ಎನ್ನುತ್ತಿದ್ದವರು! ಚಾಪೆಯ ಮೇಲೆ ಅವಳ ಸುತ್ತ ಇಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ಊರಿನ ಮಾತು ಒಂದೇ: ನಾವೂ ಕೈ ಎತ್ತುವವರಿದ್ದೆವು. ಒಂದು ನಿಮಿಷ ಕಾಯಬಾರದಿತ್ತೇ? ಕಾದಿದ್ದರೆ ಎಲ್ಲರ ತೀರ್ಮಾನವಾಗುತ್ತಿತ್ತು, ಈಗ ನೋಡಿ, ಒಬ್ಬಳದಾಯಿತು. ಬೇಕರಿಯವನು ನನ್ನ ಅಂಗಡಿಯಲ್ಲೇ ನಿಂತು, "ನನ್ನ ಕೈ ಇಲ್ಲಿವರೆಗೆ ಬಂದಿತ್ತು" ಎಂದು ಭುಜ ತೋರಿಸಿದ. ಅರ್ಧ ಹೊಲಿದಿದ್ದ ಅವನ ಪ್ಯಾಂಟನ್ನು ಹಾಗೇ ಮುಖಕ್ಕೆ ಎಸೆದು, ಇನ್ನರ್ಧ ನಿನ್ನ ಆ ಕೈಯಲ್ಲೇ ಹೊಲಿದುಕೋ ಎಂದೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು, ಟೀಗೆ ಬ್ರೆಡ್ ಅದ್ದಿ ತಿನ್ನುತ್ತ, ಹೋಗುವವರನ್ನೆಲ್ಲ ಮಾತಾಡಿಸುತ್ತ. ಅದನ್ನು ನೋಡಿದವರು, "ಅಷ್ಟು ಸೀರಿಯಸ್ ಆಗಿದ್ದವರು ಇಷ್ಟು ಬೇಗ?" ಎಂದರು. ಇನ್ನೊಬ್ಬರು, "ಮಷೀನು ಸುಮ್ಮನೆ ಕೊಡ್ತಾರಾ ಕಂಪನಿಯವರು?" ಎಂದರು. ಮೂರನೆಯವರ ಬಾಯಿಗೆ ಬರುವಷ್ಟರಲ್ಲಿ ಅದು ನಾಟಕವಾಗಿತ್ತು: ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡು ಮುದುಕಿಯ ಕೈಲಿ ಆಡಿಸಿದ ನಾಟಕ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರೋಣ? ಆ ದಿನ ಅಜ್ಜಿ ಸತ್ತಿದ್ದರೆ ಇದೇ ಜನ ನಮ್ಮಕ್ಕನ ಕಾಲು ಹಿಡಿಯುತ್ತಿದ್ದರು. ಬದುಕಿದ್ದೇ ತಪ್ಪಾಯಿತು.

ಈ ಮಾತು ಅಜ್ಜಿಯ ಕಿವಿಗೂ ಬಿದ್ದಿರಬೇಕು. ಬಾಗಿಲಿಗೆ ಬಂದು ಕೂರುವುದು ನಿಂತಿತು. ಟೀಗೆ ಸಕ್ಕರೆ ಕಮ್ಮಿ ಎನ್ನುವುದೂ ನಿಂತಿತು. ಹಗಲೂ ಮಂಚ ಬಿಟ್ಟು ಏಳಳು. ಅಂಗಡಿಗೆ ಗಿರಾಕಿ ಬಂದ ಸದ್ದಾದರೆ ಸಾಕು, ಒಳಗೆ ಕೆಮ್ಮು ಶುರು. ಮೊದಲು ನಾನು ಗಾಬರಿಯಾಗಿ ಓಡುತ್ತಿದ್ದೆ. ಗಿರಾಕಿ ಹೋದ ಮೇಲೆ ಕೆಮ್ಮೂ ಹೋಗುವುದನ್ನು ನಾಲ್ಕಾರು ಸಲ ನೋಡಿದ ಮೇಲೆ ನನಗೆ ಅರ್ಥವಾಯಿತು. ಅಕ್ಕನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಹೋದ ವಾರ ಹೆಡ್ ಮಿಸ್ ಬಂದರು, ಹೊಸ ಕನ್ನಡಕ ಹಾಕಿಕೊಂಡು. ಅವರ ದನಿ ಕೇಳಿದ್ದೇ ಅಜ್ಜಿ ಕೈಲಿದ್ದ ಬಿಸ್ಕತ್ತನ್ನು ದಿಂಬಿನ ಕೆಳಗೆ ತುರುಕಿ, ಮಾಸ್ಕು ಹಾಕಿಕೊಂಡು, ಕಣ್ಣು ಮುಚ್ಚಿದಳು. ಮಿಸ್ ಮಂಚದ ಅಂಚಿನಲ್ಲಿ ಕೂತು ಅಜ್ಜಿಯ ಕೈ ಹಿಡಿದರು. ಅಜ್ಜಿ ಕೆಮ್ಮಿದಳು, ನರಳಿದಳು, ಕೈ ನಡುಗಿಸಿದಳು. "ಅವತ್ತಿಂದ... ಏಳೋಕೇ ಆಗಿಲ್ಲ ಮಿಸ್... ಇವಳು ಇಲ್ದಿದ್ರೆ ನಾನು ಅವತ್ತೇ..." ಎಂದು ತಡೆದು ತಡೆದು ಹೇಳಿದಳು. ಮಿಸ್ ಅವಳ ಗಲ್ಲದ ಮೇಲಿನ ಬಿಸ್ಕತ್ತಿನ ಪುಡಿಯನ್ನು ನೋಡಿದರು. ಆಮೇಲೆ ತಮ್ಮ ಕರ್ಚೀಫಿನಿಂದ ಅದನ್ನು ಒರೆಸಿ, ಎದ್ದು, "ಚೆನ್ನಾಗಿ ನೋಡ್ಕೊಳ್ಳಿ" ಎಂದು ಅಕ್ಕನಿಗೆ ಹೇಳಿ ಹೋದರು. ನಂಬಿದರೋ, ನಂಬಿದ ಹಾಗೆ ಮಾಡಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ಹೋದ ಮೇಲೆ ಅಕ್ಕ ಒಳಗೆ ಹೋಗಿ ಮಾಸ್ಕು ತೆಗೆದಳು.

"ಯಾಕತ್ತೆ ಹೀಗ್ಮಾಡ್ತೀರಿ? ಎದ್ದು ನಾಲ್ಕು ಹೆಜ್ಜೆ ಓಡಾಡಿ ಅಂದಿದಾರೆ ಡಾಕ್ಟ್ರು. ಮಲಗೇ ಇದ್ರೆ ಕಾಲು ಬಿದ್ದುಹೋಗುತ್ತೆ."

"ಬೀಳ್ಲಿ ಬಿಡು."

"ಅತ್ತೆ!"

"ನಾನು ಓಡಾಡಿದ್ರೆ ಈ ಊರಲ್ಲಿ ನೀನು ಓಡಾಡೋ ಹಾಗಿಲ್ವಲ್ಲೇ, ಮಗಳೇ."

ಅಕ್ಕ ಮಂಚದ ಕೆಳಗೆ ಕೂತುಬಿಟ್ಟಳು. ಅತ್ತಳು. ಅವಳು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಮ್ಮ ಅಪ್ಪ ಹೋದಾಗಲೂ ನಾನು ನೋಡಿರಲಿಲ್ಲ. ಅಜ್ಜಿ ಅವಳ ತಲೆ ನೇವರಿಸುತ್ತ ಮಲಗಿದ್ದಳು. ಕಾಲುಗಳು ಹೊದಿಕೆಯ ಹೊರಗೆ ಚಾಚಿದ್ದವು, ಆಗಲೇ ಸೊರಗಿ ಕಡ್ಡಿಯಾಗಿದ್ದವು. ಹೊರಗೆ ಯಾರೋ ಗಿರಾಕಿ ಬಂದ ಸದ್ದಾಯಿತು. ಅಕ್ಕ ಮುಖ ಒರೆಸಿಕೊಂಡು ಎದ್ದು, ಒಳಗಿನ ಅಳು ಹೊರಗೆ ಕಾಣದಿರಲೆಂದು ಕೋಣೆಯ ಬಾಗಿಲನ್ನು ಎಳೆದುಕೊಳ್ಳಲು ಹೋದಳು.

"ಹಾಕ್ಬೇಡ ಕಣೇ. ತೆಗೆದೇ ಇಡು" ಎಂದಳು ಅಜ್ಜಿ, ಮಾಸ್ಕು ಹಾಕಿಕೊಳ್ಳುತ್ತ. "ನೋಡ್ಲಿ."

ಅಕ್ಕ ಬಾಗಿಲನ್ನು ತೆರೆದೇ ಇಟ್ಟಳು. ಬೇಡ ಎನ್ನುವ ಧೈರ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.